‘ನಿಂಗೇನು ಕಮ್ಮಿ?’ ಅನ್ನುವ ಮುನ್ನ...

“ನಿಂಗೇನು ಕಮ್ಮಿ ಆಗಿದೆ ಹೇಳು? ಸ್ವಂತ ಮನೆ ಇದೆ. ಕುಡಿಯದ ಗಂಡ. ಚೆನ್ನಾಗಿ ಓದೋ ಮಗಳು. ಇಷ್ಟಿದ್ದೂ ಮುಖ ಗಂಟು ಹಾಕ್ಕೊಂಡು ಕೂತ್ರೆ ದೇವರು ಮೆಚ್ತಾನಾ?”

ಮೂರು ವರ್ಷಗಳ ಹಿಂದೆ ನನ್ನಕ್ಕ ಫೋನಿನಲ್ಲಿ ಹೀಗೆ ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ! ನಿಜವಾಗಿಯೂ ಏನೂ ಕಮ್ಮಿ ಇರಲಿಲ್ಲ. ಆದರೂ ಬೆಳಿಗ್ಗೆ ಎದ್ದು ಹಾಸಿಗೆ ಮಡಚುವುದೇ ಬೆಟ್ಟ ಹತ್ತಿದಷ್ಟು ಆಯಾಸ. ಒಲೆ ಮೇಲೆ ಹಾಲು ಉಕ್ಕಿ ಹರಿಯುತ್ತಿದ್ದರೂ ನೋಡುತ್ತಾ ನಿಂತುಬಿಡುತ್ತಿದ್ದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ.

ನಮ್ಮದು ಮಲೆನಾಡಿನ ಪುಟ್ಟ ಪಟ್ಟಣ. ಪ್ರತಿವರ್ಷ ಅಪ್ಪೆಮಿಡಿ ತರಿಸಿ, ಉಪ್ಪಿನಲ್ಲಿ ಹಾಕಿ, ಮಸಾಲೆ ಅರೆದು ಜಾಡಿ ತುಂಬಿಸುವುದು ನನಗೆ ಹೆಮ್ಮೆಯ ಕೆಲಸ. ಆ ವರ್ಷ ತಂದಿಟ್ಟ ಮಿಡಿ ಚೀಲದಲ್ಲೇ ಕೊಳೆತುಹೋಯಿತು. ವಾಸನೆ ಬಂದ ಮೇಲೆ ಅತ್ತೆಯೇ ಎತ್ತಿ ಹಿತ್ತಲಿಗೆ ಹಾಕಿದರು. ನನಗೆ ಬೇಸರ ಕೂಡ ಆಗಲಿಲ್ಲ. ಬೇಸರವೂ ಆಗುತ್ತಿಲ್ಲವಲ್ಲ ಅಂತ ಗೊತ್ತಾದಾಗ ಮಾತ್ರ ನಿಜಕ್ಕೂ ಭಯವಾಯಿತು.

ಅಕ್ಕ ಕೆಟ್ಟವಳಲ್ಲ. ನಾವೆಲ್ಲರೂ ಒಂದಲ್ಲ ಒಂದು ಸಲ ಯಾರಿಗೋ ಈ ಪ್ರಶ್ನೆ ಕೇಳಿದವರೇ. ಆದರೆ ಈ ಪ್ರಶ್ನೆ ಎದುರಿನವಳ ಬಾಯಿ ಮುಚ್ಚಿಸುತ್ತದೆ. ‘ಹೌದಲ್ಲ, ಎಲ್ಲ ಇದ್ದೂ ನಾನೇ ಹೀಗೆ, ನನ್ನದೇ ತಪ್ಪು’ ಎಂದು ಆಕೆ ಇನ್ನಷ್ಟು ಕುಗ್ಗುತ್ತಾಳೆ. ಸಕ್ಕರೆ ಕಾಯಿಲೆ ಬಂದವರಿಗೆ ‘ನಿಂಗೇನು ಕಮ್ಮಿ’ ಅಂತ ಕೇಳ್ತೀವಾ? ಇಲ್ಲ ತಾನೆ? ಹಾಗಾದರೆ ಖಿನ್ನತೆಗೆ ಮಾತ್ರ ಯಾಕೆ ಈ ಲೆಕ್ಕ?

ಇದು ಬೇಸರವಲ್ಲ, ಸೋಮಾರಿತನವೂ ಅಲ್ಲ

ಬೇಸರ ಎಲ್ಲರಿಗೂ ಆಗುತ್ತದೆ. ಮಗನ ಮಾರ್ಕ್ಸ್ ಕಮ್ಮಿ ಬಂತು, ಗಂಡನ ಜೊತೆ ಮಾತು ಬೆಳೆಯಿತು, ಎರಡು ದಿನ ಮನಸ್ಸು ಸರಿಯಿರುವುದಿಲ್ಲ. ಮೂರನೇ ದಿನ ಟಿ.ವಿ. ಸೀರಿಯಲ್ ನೋಡಿ ನಗ್ತೀವಿ. ಖಿನ್ನತೆ ಹಾಗಲ್ಲ. ದಿನದ ಬಹುಹೊತ್ತು ಮನಸ್ಸು ಮಂಕಾಗಿರುವುದು, ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ನಿದ್ದೆ-ಹಸಿವು ಏರುಪೇರಾಗುವುದು, ಸುಸ್ತು, ಗಮನ ನಿಲ್ಲದಿರುವುದು, ‘ನಾನು ಯಾವುದಕ್ಕೂ ಬಾರದವಳು’ ಎಂಬ ಭಾವನೆ. ಇಂಥವು ಎರಡು ವಾರಕ್ಕೂ ಹೆಚ್ಚು ಕಾಲ ಬಿಡದೆ ಕಾಡಿದರೆ ವೈದ್ಯರಿಗೆ ತೋರಿಸಲೇಬೇಕು. ನಮ್ಮ ಹೆಂಗಸರಲ್ಲಿ ಎಷ್ಟೋ ಸಲ ಇದು ತಲೆನೋವು, ಬೆನ್ನುನೋವು, ಎದೆ ಭಾರ ಎಂಬ ಹೆಸರಿನಲ್ಲಿ ಬರುತ್ತದೆ. ಮಾತ್ರೆ ನುಂಗಿ ನುಂಗಿ ವರ್ಷಗಳೇ ಕಳೆಯುತ್ತವೆ.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಅದರ ಪ್ರಕಾರ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಕಾಡಿದೆ. ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇದ್ದ ನೂರು ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ! ನಿಮ್ಮ ಸ್ತ್ರೀಶಕ್ತಿ ಸಂಘದಲ್ಲಿ 20 ಜನ ಇದ್ದೀರಾ? ಒಮ್ಮೆ ಸುತ್ತ ಕಣ್ಣು ಹಾಯಿಸಿ. ಒಬ್ಬಾಕೆ ಸುಮ್ಮನೆ ನಗುತ್ತಾ ಕೂತಿರಬಹುದು.

ದುಡ್ಡು, ರೂಪ, ಹೆಸರು ಇದ್ದವರನ್ನೂ ಇದು ಬಿಡುವುದಿಲ್ಲ. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ತಮಗೂ ಖಿನ್ನತೆ ಕಾಡಿತ್ತು, ಚಿಕಿತ್ಸೆ ಪಡೆದೆ ಎಂದು 2015ರಲ್ಲಿ ಎಲ್ಲರೆದುರು ಹೇಳಿಕೊಂಡರು. ಆಕೆಗೆ ಏನೋ ಆಗಿದೆ, ಸಹಾಯ ಬೇಕು ಎಂದು ಮೊದಲು ಗುರುತಿಸಿದವರು ಆಕೆಯ ತಾಯಿ.

ನನ್ನ ಪಾಲಿಗೆ ಆ ಕೆಲಸ ಮಾಡಿದವರು ನನ್ನತ್ತೆ! ಮೊದಲು ಅವರೂ ದೃಷ್ಟಿ ತೆಗೆದರು, ಹರಕೆ ಹೊತ್ತರು. ಪತಿರಾಯರು “ನಾಲ್ಕು ದಿನ ತವರಿಗೆ ಹೋಗಿ ಬಾ” ಎಂದರು. ಹೋಗಿ ಬಂದೆ, ಏನೂ ಬದಲಾಗಲಿಲ್ಲ. ಒಂದು ಸಂಜೆ ಅತ್ತೆ ಪಕ್ಕದಲ್ಲಿ ಕೂತು ಹೇಳಿದರು: “ನೋಡೇ ಮಾರಾಯ್ತಿ, ಮಂಡಿಗೆ ಎಣ್ಣೆ ತಿಕ್ಕಿ ತಿಕ್ಕಿ ನಾನು ಎರಡು ವರ್ಷ ಹಾಳು ಮಾಡ್ಕೊಂಡೆ. ಡಾಕ್ಟ್ರ ಹತ್ರ ಮೊದ್ಲೇ ಹೋಗ್ಬೇಕಿತ್ತು. ನೀನು ಆ ತಪ್ಪು ಮಾಡ್ಬೇಡ. ನಾನೂ ಬರ್ತೀನಿ, ನಡಿ.”

ಕಣ್ಣಿನ ವಿಭಾಗದ ಬೆಂಚಿನ ಮೇಲೆ...

ಬಸ್ಸು ಹತ್ತಿ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೋದೆವು. ಮನೋರೋಗ ವಿಭಾಗದ ಬೋರ್ಡಿನ ಕೆಳಗೆ ಕೂರಲು ನನಗೆ ನಾಚಿಕೆ. ಯಾರಾದರೂ ಪರಿಚಯದವರು ನೋಡಿದರೆ? ಪಕ್ಕದ ಕಣ್ಣಿನ ವಿಭಾಗದ ಬೆಂಚಿನಲ್ಲಿ ಕೂತೆ. ಅಲ್ಲಿ ಕೂತಿದ್ದ ಇನ್ನೊಬ್ಬಾಕೆಯೂ ಕಣ್ಣು ತೋರಿಸಲು ಬಂದವಳಲ್ಲ ಅಂತ ಆಮೇಲೆ ಗೊತ್ತಾಯಿತು!

ಮನೋವೈದ್ಯೆ ಮೊದಲು ಕೇಳಿದ್ದು ನಿದ್ದೆ, ಊಟ, ಮುಟ್ಟಿನ ಬಗ್ಗೆ. ರಕ್ತ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ಕಮ್ಮಿಯಾದರೂ, ರಕ್ತಹೀನತೆ ಇದ್ದರೂ ಇಂಥದೇ ಸುಸ್ತು, ಮಂಕು ಇರುತ್ತದಂತೆ. ನನ್ನ ರಿಪೋರ್ಟ್‌ಗಳೆಲ್ಲ ಸರಿ ಇದ್ದವು. ಮಾತ್ರೆ ಶುರು ಮಾಡಿದರು, ಜೊತೆಗೆ ಮನಃಶಾಸ್ತ್ರಜ್ಞೆಯ ಬಳಿ ಕಳಿಸಿದರು.

ಇಲ್ಲಿ ಒಂದು ವಿಷಯ ತಿಳಿದಿರಲಿ. ಮನೋವೈದ್ಯರು ಎಂದರೆ ಎಂ.ಬಿ.ಬಿ.ಎಸ್. ಮಾಡಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದವರು. ಔಷಧಿ ಬರೆಯುವವರು ಅವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಮಾತಿನ ಮೂಲಕ ಚಿಕಿತ್ಸೆ ನೀಡುವ ತರಬೇತಿ ಪಡೆದವರು. ಖಿನ್ನತೆ ಸೌಮ್ಯವಾಗಿದ್ದರೆ ಎಷ್ಟೋ ಜನಕ್ಕೆ ಮಾತಿನ ಚಿಕಿತ್ಸೆಯೇ ಸಾಕಾಗುತ್ತದೆ. ತೀವ್ರವಾಗಿದ್ದರೆ ಎರಡೂ ಬೇಕಾಗಬಹುದು. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯ ಹಾಗೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಮೊದಲ ವಾರವೇ ‘ಪ್ರಯೋಜನ ಇಲ್ಲ’ ಅಂತಲೋ, ಸ್ವಲ್ಪ ಹುಷಾರಾದೊಡನೆ ‘ಇನ್ನು ಬೇಡ’ ಅಂತಲೋ ನಾವೇ ನಿಲ್ಲಿಸುವುದು ತಪ್ಪು.

ಅಕ್ಕನ ಜೊತೆ ಮಾತಾಡಿದ ಹಾಗಲ್ಲ

‘ಮಾತಾಡೋಕೆ ದುಡ್ಡು ಕೊಡಬೇಕಾ? ಅಕ್ಕ, ಗೆಳತಿ ಇಲ್ವಾ?’ ಇದು ಎಲ್ಲರ ಪ್ರಶ್ನೆ. ನನಗೂ ಇತ್ತು. ಮೊದಲ ಸಲ ಹೋದಾಗ ಅರ್ಧ ಗಂಟೆ ಅತ್ತೆ ಅಷ್ಟೆ. ಆಕೆ ನನಗೆ ಧೈರ್ಯ ಹೇಳಲಿಲ್ಲ, ಉಪದೇಶ ಮಾಡಲಿಲ್ಲ, ತಮ್ಮ ಕಷ್ಟ ಹೇಳಿಕೊಳ್ಳಲೂ ಇಲ್ಲ. ಅಳು ಮುಗಿಯುವವರೆಗೆ ಕಾದರು. ಮನೆಯಲ್ಲಿ ಯಾರೂ ಹಾಗೆ ಕಾದದ್ದಿಲ್ಲ. ಪಾಪ, ನಮ್ಮವರಿಗೆ ನಮ್ಮ ಅಳು ನೋಡಲಾಗುವುದಿಲ್ಲ, ಬೇಗ ನಿಲ್ಲಿಸಬೇಕು!

ಆಮೇಲೆ ಒಂದು ನೋಟ್‌ಬುಕ್ ಇಡಲು ಹೇಳಿದರು. ದಿನಕ್ಕೊಂದು ಸಣ್ಣ ಕೆಲಸ: ಹತ್ತು ನಿಮಿಷ ಅಂಗಳದಲ್ಲಿ ನಡೆಯುವುದು, ತುಳಸಿಗೆ ನೀರು ಹಾಕುವುದು, ಒಬ್ಬ ಗೆಳತಿಗೆ ಫೋನ್. ಮನಸ್ಸು ಬಂದ ಮೇಲೆ ಮಾಡುವುದಲ್ಲ, ಮೊದಲು ಮಾಡುವುದು. ಮಾಡಿದ ಮೇಲೆ ಮನಸ್ಸು ಹೇಗಿತ್ತು ಎಂದು ಹತ್ತಕ್ಕೆ ಇಷ್ಟು ಅಂತ ಅಂಕ ಬರೆಯುವುದು. ಮೊದಲ ವಾರ ಬರೀ ಎರಡು, ಮೂರು. ಆದರೆ ನಡೆದ ದಿನ ನಾಲ್ಕು ಇರುತ್ತಿತ್ತು. ಅದನ್ನು ನನಗೆ ತೋರಿಸಿದ್ದು ನನ್ನದೇ ಕೈಬರಹ.

ಇನ್ನೊಂದು ದಿನ ನಾನು ‘ನಾನು ಒಳ್ಳೆಯ ತಾಯಿಯಲ್ಲ’ ಎಂದೆ. ‘ಛೆ, ಹಾಗನ್ನಬೇಡಿ’ ಅಂತಾರೆ ಅಂದುಕೊಂಡಿದ್ದೆ. ಆಕೆ ಹಾಗೆನ್ನದೆ, “ಅದಕ್ಕೆ ಸಾಕ್ಷಿ ಏನಿದೆ, ಬರೀರಿ. ಅಲ್ಲ ಅನ್ನೋದಕ್ಕೆ ಏನಿದೆ, ಅದನ್ನೂ ಬರೀರಿ” ಎಂದರು. “ನಿಮ್ಮ ಗೆಳತಿಯೇ ಇದೇ ಮಾತು ಹೇಳಿದ್ರೆ ನೀವು ಏನಂತೀರಿ?” ಎಂದೂ ಕೇಳಿದರು. ಮಗಳಿಗೆ ಜ್ವರ ಬಂದ ರಾತ್ರಿಗಳೆಲ್ಲ ಆ ಪುಟದಲ್ಲಿ ಬಂದವು. ಮನಸ್ಸಿಗೆ ಬಂದ ಯೋಚನೆಗಳೆಲ್ಲ ನಿಜವಲ್ಲ ಎಂದು ಮೂವತ್ತೈದನೇ ವಯಸ್ಸಿನಲ್ಲಿ ಕಲಿತೆ.

ಇದೇನೂ ಮಂತ್ರವಲ್ಲ, ಪರೀಕ್ಷೆಗೊಳಪಟ್ಟ ವಿಧಾನ. ಪಕ್ಕದ ಗೋವಾದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆ ಇದ್ದವರಿಗೆ ಆರರಿಂದ ಎಂಟು ಭೇಟಿಗಳ ಇಂಥದೇ ಚಿಕಿತ್ಸೆ ಕೊಟ್ಟು ನೋಡಿದರು. ಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಮಾಮೂಲು ಆರೈಕೆಯಷ್ಟೇ ಸಿಕ್ಕವರಿಗಿಂತ ಈ ಚಿಕಿತ್ಸೆ ಸಿಕ್ಕವರು ಹೆಚ್ಚು ಚೇತರಿಸಿಕೊಂಡರು. ಈ ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಮನೆ ಮಾತು ಹೊರಗೆ ಹೋದರೆ?

ನನಗಿದ್ದ ದೊಡ್ಡ ಭಯ ಇದೇ. ಮನೆಯ ಮಾತನ್ನು ಹೊರಗಿನವರ ಮುಂದೆ ಹೇಳಬಾರದು ಅಂತ ಅಲ್ಲವೇ ನಮ್ಮನ್ನು ಬೆಳೆಸಿದ್ದು? ಆದರೆ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ನಿಮ್ಮ ಕಾಯಿಲೆ, ಚಿಕಿತ್ಸೆಯ ವಿವರಗಳನ್ನು ಗುಟ್ಟಾಗಿ ಇಡುವುದು ಚಿಕಿತ್ಸೆ ಕೊಡುವವರ ಕರ್ತವ್ಯ. ಯಾರದಾದರೂ ಪ್ರಾಣಕ್ಕೆ ಅಪಾಯ ಎಂಬಂಥ ಕೆಲವೇ ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಬಾವಿಕಟ್ಟೆಯ ಬಳಿ, ಮದುವೆ ಮನೆಯಲ್ಲಿ ನಾವು ಹೇಳಿಕೊಂಡ ಗುಟ್ಟಿಗೆ ಇಂಥ ಕಾನೂನು ಇದೆಯೇ?

ಹೊರಡುವ ಮುನ್ನ ಇಷ್ಟು ನೆನಪಿರಲಿ

* ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ. ಉಚಿತ. ಹಗಲು-ರಾತ್ರಿ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.

* ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದೂ ಕೇಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಹತ್ತಿರವಿದ್ದರೆ ಅಲ್ಲಿಗೇ ಹೋಗಬಹುದು.

* ಖಾಸಗಿ ಸೈಕಾಲಜಿಸ್ಟ್ ಆದರೆ ಓದು ಏನು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ, ಫೀಸು ಎಷ್ಟು ಎಂದು ಮೊದಲೇ ಫೋನಿನಲ್ಲಿ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

* ನಿದ್ದೆ, ಊಟ, ಮೈಕೈ ನೋವು, ಈಗ ತಗೊಳ್ತಿರುವ ಮಾತ್ರೆಗಳು, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎದುರಿಗೆ ಕೂತಾಗ ಮರೆತುಹೋಗುತ್ತದೆ. ಬಸುರಿಯಾಗಿದ್ದರೆ, ಎದೆಹಾಲು ಕುಡಿಸುತ್ತಿದ್ದರೆ ತಪ್ಪದೆ ತಿಳಿಸಿ.

* ಒಬ್ಬರು ಸರಿಹೊಂದದಿದ್ದರೆ ಇನ್ನೊಬ್ಬರ ಬಳಿ ಹೋಗಿ. ಎರಡು-ಮೂರು ಭೇಟಿಯಾದರೂ ನೋಡಿ, ಆಮೇಲೆ ನಿರ್ಧರಿಸಿ.

ಇನ್ನೊಂದು ಮಾತು. ‘ನಾನಿಲ್ಲದಿದ್ದರೆ ಇವರೆಲ್ಲ ಆರಾಮಾಗಿರ್ತಾರೆ’ ಎಂಬ ಯೋಚನೆ ಬರುತ್ತಿದೆಯೇ? ಹಾಗಿದ್ದರೆ ನಾಳೆಗೆ ಮುಂದೂಡಬೇಡಿ. ಈಗಲೇ ಮನೆಯಲ್ಲಿ ಒಬ್ಬರಿಗೆ ಹೇಳಿ, 14416ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ಅದು ಕಾಯಿಲೆ ಹೇಳಿಸುವ ಮಾತು, ನಿಜವಲ್ಲ. ಮನೆಯವರು ಈ ಬಗ್ಗೆ ನೇರವಾಗಿ ಕೇಳಲು ಹೆದರಬೇಕಿಲ್ಲ. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಆಕೆಯನ್ನು ಒಂಟಿಯಾಗಿ ಬಿಡಬೇಡಿ.

ನನಗೆ ಪೂರ್ತಿ ಹುಷಾರಾಗಲು ತಿಂಗಳುಗಳೇ ಹಿಡಿದವು. ವೈದ್ಯೆ ಹೇಳಿದಂತೆ ಮಾತ್ರೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದೆ. ಈಗಲೂ ಮಳೆಗಾಲದಲ್ಲಿ ಕೆಲವು ದಿನ ಮನಸ್ಸು ಭಾರವಾಗುತ್ತದೆ. ಆಗ ಹಳೇ ನೋಟ್‌ಬುಕ್ ತೆಗೆಯುತ್ತೇನೆ. ಅದೂ ಸಾಲದಿದ್ದರೆ ಫೋನ್ ಮಾಡಿ ಸಮಯ ಕೇಳುತ್ತೇನೆ. ಮೊನ್ನೆ ಮಿಡಿ ಉಪ್ಪಿನಕಾಯಿ ಒಯ್ಯಲು ಬಂದ ಅಕ್ಕ ಜಾಡಿ ಹಿಡಿದುಕೊಂಡು, “ಅವತ್ತು ನಂಗೆ ಗೊತ್ತಾಗ್ಲಿಲ್ಲ ಕಣೇ” ಎಂದಳು. ಅಷ್ಟೇ ಸಾಕಿತ್ತು ನನಗೆ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಾದರೂ ಮಾತು ಕಡಿಮೆ ಮಾಡಿದ್ದಾರಾ? ‘ನಿಂಗೇನು ಕಮ್ಮಿ?’ ಅಂತ ಕೇಳಬೇಡಿ. ‘ಏನಾಗ್ತಿದೆ ನಿಂಗೆ? ಡಾಕ್ಟ್ರ ಹತ್ರ ನಾನೂ ಜೊತೆಗೆ ಬರ್ಲಾ?’ ಅಂತ ಕೇಳಿ. ಮತ್ತೆ ಆ ಮಾತು ಕೇಳಿಸಿಕೊಳ್ಳಬೇಕಾದವರು ನೀವೇ ಆಗಿದ್ದರೆ, ಯಾರೋ ಬಂದು ಕೇಳಲಿ ಅಂತ ಕಾಯಬೇಡಿ. ನೀವೇ ಹೇಳಿ: ‘ನಂಗೆ ಹುಷಾರಿಲ್ಲ.’