ಇರುಳುಗಣ್ಣು

ಮುಸ್ಸಂಜೆಯಲ್ಲಿ ಹೊಸ್ತಿಲನ್ನೆಡವುವ, ತಟ್ಟೆಯಲ್ಲಿನ ತುತ್ತಿಗಾಗಿ ತಡವರಿಸುವ ಕೂಸನ್ನು ಅಜಾಗರೂಕತೆಗಾಗಿ ಗದರಿಸುವ ಮುನ್ನ, ಅದಕ್ಕೆ ಇರುಳುಗಣ್ಣು ತಗುಲಿರಬಹುದೆಂದು ತಾಯಿತಂದೆಗಳು ಶಂಕಿಸುವುದು ಯುಕ್ತ. ಏಕೆಂದರೆ ಮಂದಪ್ರಕಾಶವನ್ನು ಗ್ರಹಿಸುವ ಅಕ್ಷಿಪಟಲದ ವರ್ಣದ್ರವ್ಯವು ‘ಎ’ ಜೀವಸತ್ವವಿಲ್ಲದೆ ರೂಪುಗೊಳ್ಳಲಾರದು, ಮತ್ತು ಆ ನ್ಯೂನತೆಯನ್ನು ಉಪೇಕ್ಷಿಸಿದಲ್ಲಿ ಕಣ್ಣು ಶುಷ್ಕವಾಗಿ, ಕಪ್ಪುಗುಡ್ಡೆಯ ಮೇಲಣ ಪಾರದರ್ಶಕ ಪಟಲವೇ ಮೆದುವಾಗಿ ಕರಗಿ, ದೃಷ್ಟಿಯು ಶಾಶ್ವತವಾಗಿ ನಷ್ಟವಾಗುವುದುಂಟು. ಹಿತ್ತಿಲ ನುಗ್ಗೆಸೊಪ್ಪು, ಪರಂಗಿಹಣ್ಣುಗಳಲ್ಲಿ ಈ ಸತ್ವದ ಮೂಲವು ಸಮೃದ್ಧವಾಗಿದೆ; ಆದರೆ ಸೊಪ್ಪಿಗೆ ಎಣ್ಣೆಯ ಒಗ್ಗರಣೆ ಬೀಳದಿದ್ದರೆ ದೇಹವು ಅದನ್ನು ಚೆನ್ನಾಗಿ ಹೀರಿಕೊಳ್ಳದು. ಭಾರತ ಸರ್ಕಾರವು 1970ರಲ್ಲಿ ಆರಂಭಿಸಿದ ಯೋಜನೆಯನ್ವಯ, ಇಂದು 9 ತಿಂಗಳು ತುಂಬಿದಂದಿನಿಂದ 5 ವರ್ಷದವರೆಗೆ 6 ತಿಂಗಳಿಗೊಮ್ಮೆ ಈ ಜೀವಸತ್ವದ ದ್ರಾವಣವನ್ನು ಮಕ್ಕಳಿಗೆ ಉಚಿತವಾಗಿ ಕುಡಿಸಲಾಗುತ್ತದೆ; ತಾಯಂದಿರು ಒಂದು ಸರದಿಯನ್ನೂ ತಪ್ಪಿಸದಿರಲಿ.