ಕಂಪೈಲರ್ ಹೇಳಿದ್ದನ್ನು ನಂಬುವ ಮೊದಲು

ಕಳೆದ ವರ್ಷದ ವಿಜ್ಞಾನ ಪ್ರದರ್ಶನದಲ್ಲಿ ನನ್ನ ಪ್ರೋಗ್ರಾಂ ಎಲ್ಲರ ಮುಂದೆಯೇ ಕೈಕೊಟ್ಟಿತು. ಪಟ್ಟಿಯಲ್ಲಿ ತಪ್ಪಾಗಿ ಬರೆದ ಮೊಬೈಲ್ ಸಂಖ್ಯೆಗಳನ್ನು ಹುಡುಕುವ ಸಣ್ಣ ಸಿ++ ಪ್ರೋಗ್ರಾಂ ಅದು. ಮನೆಯಲ್ಲಿ ಅಣ್ಣನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನಡೆದಿತ್ತು. ಪ್ರದರ್ಶನದ ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಒಂದೂ ಎರರ್ ಇಲ್ಲದೆ ಕಂಪೈಲ್ ಆಯಿತು, ಆದರೆ ರನ್ ಮಾಡಿದ ಕೂಡಲೇ ನಿಂತುಹೋಯಿತು. "ಕಂಪೈಲ್ ಆಯ್ತಲ್ಲ, ಮತ್ತೇನಾಯ್ತು?" ಎಂದು ಸರ್ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಆಮೇಲೆ ಸಿಕ್ಕಿತು. ಅಲ್ಲಿದ್ದದ್ದು 2013ರ ಜಿಸಿಸಿ 4.8. ಸಂಖ್ಯೆಯ ಮಾದರಿ ಗುರುತಿಸಲು ನಾನು ಬಳಸಿದ್ದು 2011ರ ಸಿ++ ಮಾನದಂಡದಲ್ಲಿ ಬಂದ ರೆಜೆಕ್ಸ್. ಆ ಆವೃತ್ತಿಯಲ್ಲಿ ರೆಜೆಕ್ಸ್‌ನ ಹೆಡರ್ ಫೈಲ್ ಇತ್ತು, ಒಳಗಿನ ಕೆಲಸ ಪೂರ್ತಿಯಾಗಿರಲಿಲ್ಲ. ಅದು ಸರಿಯಾಗಿ ಬಂದದ್ದು 2014ರ 4.9ರಲ್ಲಿ. ಇದು ಕೈಪಿಡಿಯಲ್ಲೇ ಇತ್ತು, ಓದದೇ ಇದ್ದದ್ದು ನನ್ನ ತಪ್ಪು.

ಸಿ++ ಮಾನದಂಡ 1998, 2011, 2014, 2017, 2020 ಹೀಗೆ ಬೆಳೆಯುತ್ತಾ ಬಂದಿದೆ. ಯಾವ ಕಂಪೈಲರ್ ಎಷ್ಟು ಕಲಿತಿದೆ ಎಂದು ತಿಳಿಯುವ ಕೆಲಸ ಸಿಮೇಕ್, ಆಟೋಕಾನ್ಫ್‌ನಂಥ ಬಿಲ್ಡ್ ವ್ಯವಸ್ಥೆಗಳದ್ದು. ನಾವು ಸುಲಭದ ದಾರಿ ಹಿಡಿದು ಅದರ ಆವೃತ್ತಿ ಕೇಳುತ್ತೇವೆ, ಇಲ್ಲವೇ ಯಾವ ಮಾನದಂಡ ಎಂದು ಹೇಳುವ ಮ್ಯಾಕ್ರೋ ನೋಡುತ್ತೇವೆ. 2011ರ ಮಾನದಂಡ ಕೇಳಿದಾಗ ಜಿಸಿಸಿ 4.8ರ ಮ್ಯಾಕ್ರೋ 201103 ಎಂದೇ ಹೇಳುತ್ತದೆ, ರೆಜೆಕ್ಸ್ ಮಾತ್ರ ನಡೆಯುವುದಿಲ್ಲ. ಮೈಕ್ರೋಸಾಫ್ಟ್‌ನ ಕಂಪೈಲರಿನದು ಇದಕ್ಕೆ ತದ್ವಿರುದ್ಧ. ಅದಕ್ಕೆ 2017ರ ಮಾನದಂಡ ಗೊತ್ತಿದ್ದರೂ, ಬೇರೆ ಆಯ್ಕೆ ಕೊಡದಿದ್ದರೆ ಹಳೆಯ ಕೋಡ್ ಕೆಡಬಾರದೆಂದು 199711 ಎನ್ನುತ್ತದೆ. ಒಂದು ಇದ್ದದ್ದಕ್ಕಿಂತ ಹೆಚ್ಚು ಹೇಳಿತು, ಇನ್ನೊಂದು ಕಡಿಮೆ ಹೇಳಿತು.

ಅದಕ್ಕೇ ನನ್ನ ಅಭಿಪ್ರಾಯ: ಕಂಪೈಲರಿನ ವಯಸ್ಸು ಕೇಳಬೇಡಿ, ಕೆಲಸ ಕೊಟ್ಟು ನೋಡಿ. ನಮಗೆ ಬೇಕಾದ ಸೌಲಭ್ಯವನ್ನು ಬಳಸುವ ನಾಲ್ಕು ಸಾಲಿನ ಪ್ರೋಗ್ರಾಂ ಬರೆದು, ಬಿಲ್ಡ್ ಆರಂಭದಲ್ಲೇ ಕಂಪೈಲ್ ಮಾಡಿಸಿ, ರನ್ ಕೂಡ ಮಾಡಿಸಬೇಕು. ಸಿಮೇಕ್, ಆಟೋಕಾನ್ಫ್ ಎರಡರಲ್ಲೂ ಇದಕ್ಕೆ ಸೌಲಭ್ಯವಿದೆ. ಪರೀಕ್ಷೆಯಲ್ಲಿ ಸೋತರೆ ಅಲ್ಲೇ ನಿಲ್ಲಿಸಿ, ಕಾರಣವನ್ನು ಸ್ಪಷ್ಟವಾಗಿ ಹೇಳಬೇಕು. ಸಿಮೇಕ್‌ನಲ್ಲಿ ಮಾನದಂಡವನ್ನು ಬರೀ ಸೂಚಿಸಿ, ಕಡ್ಡಾಯ ಎಂದು ಬರೆಯದಿದ್ದರೆ, ಹೊಸದು ಬಾರದ ಕಂಪೈಲರ್ ಸಿಕ್ಕಾಗ ಅದು ಸದ್ದಿಲ್ಲದೆ ಹಳೆಯ ಮಾನದಂಡಕ್ಕೆ ಇಳಿಯುತ್ತದೆ. ಆ ಒಂದು ಸಾಲು ಮರೆಯಬಾರದು.

ಎಲ್ಲವನ್ನೂ ಪರೀಕ್ಷಿಸುತ್ತಾ ಕುಳಿತರೆ ಬಿಲ್ಡ್ ನಿಧಾನವಾಗುತ್ತದೆ ಎಂದು ಗೆಳತಿ ವಾದಿಸಿದಳು. ಬೇರೆ ಬಗೆಯ ಯಂತ್ರಕ್ಕಾಗಿ ಕಂಪೈಲ್ ಮಾಡುವಾಗ ರನ್ ಮಾಡಿ ನೋಡಲೂ ಆಗುವುದಿಲ್ಲ ಎಂದಳು. ಎರಡೂ ನಿಜ. ಆದರೆ ಎಲ್ಲವನ್ನೂ ಪರೀಕ್ಷಿಸಬೇಕಿಲ್ಲ, ನಮ್ಮ ಪ್ರೋಗ್ರಾಂ ನಂಬಿಕೊಂಡಿರುವ ಎರಡು ಮೂರು ಸಂಗತಿ ಸಾಕು. ರನ್ ಮಾಡಲಾಗದ ಕಡೆ ಕೈಪಿಡಿ ಓದಿ, ಕೊನೆಗೆ ಆ ಯಂತ್ರದಲ್ಲೇ ಒಮ್ಮೆ ನಡೆಸಿ ನೋಡಬೇಕು.

ಈ ವರ್ಷ ಪ್ರಾಜೆಕ್ಟ್ ಮಾಡುವ ತಮ್ಮ ತಂಗಿಯರೇ, ನಿಮ್ಮ ಪ್ರೋಗ್ರಾಂ ಬೇರೆಯವರ ಕಂಪ್ಯೂಟರಿನಲ್ಲೂ ನಡೆಯಬೇಕು. ನಡೆಯದಿದ್ದರೆ ಏಕೆ ಎಂದು ಅದೇ ಹೇಳುವಂತೆ ಬರೆಯಿರಿ. ಸರ್ ಪ್ರಶ್ನೆ ಕೇಳಿದಾಗ ನನ್ನಂತೆ ತಲೆ ತಗ್ಗಿಸಿ ನಿಲ್ಲುವ ಪಾಡು ನಿಮಗೆ ಬೇಡ.