ಮೂವತ್ತನಾಲ್ಕು ದಿನ, ಏಳು ನಿಮಿಷ

ಲಂಡನ್ನಿನ ಪಶ್ಚಿಮಕ್ಕೆ ಸ್ಲೌ ಎಂಬ ಊರಿದೆ. ಏನೂ ನಡೆಯದ ಊರೆಂದು ಬ್ರಿಟಿಷರು ಅದನ್ನು ಗೇಲಿ ಮಾಡುವುದು ಹಳೆಯ ರೂಢಿ. ಅದೇ ಊರಿನ ನೆಲಮಾಳಿಗೆಯೊಂದರಲ್ಲಿ ಒಂದಿಷ್ಟು ಜನ ಕುಳಿತು ಪ್ರಳಯವನ್ನು ಟಿ.ವಿ.ಯಲ್ಲಿ ನೋಡುತ್ತಾರೆ. 2015ರಲ್ಲಿ ಬ್ರಿಟನ್ನಿನ ಸ್ಕೈ 1 ವಾಹಿನಿಯಲ್ಲಿ ಹತ್ತು ಕಂತುಗಳಲ್ಲಿ ಬಂದ ‘ಯೂ, ಮೀ ಅಂಡ್ ದಿ ಅಪಾಕಲಿಪ್ಸ್’ ಹಾಸ್ಯ ಧಾರಾವಾಹಿ ಶುರುವಾಗುವುದೇ ಹೀಗೆ. ಆಮೇಲೆ ಕಥೆ 34 ದಿನ ಹಿಂದಕ್ಕೆ ಹೋಗುತ್ತದೆ. ಎಂಟು ಮೈಲಿ, ಅಂದರೆ ಸುಮಾರು 13 ಕಿ.ಮೀ. ಅಗಲದ ಧೂಮಕೇತು ಭೂಮಿಯತ್ತ ಬರುತ್ತಿದೆ ಎಂಬ ಸುದ್ದಿ ಹೊರಬೀಳುತ್ತದೆ.

ಸುದ್ದಿ ಕೇಳಿದವರು ಮಾಡುವುದೇನು? ಬ್ಯಾಂಕ್ ಮ್ಯಾನೇಜರ್ ಜೇಮೀ ಏಳು ವರ್ಷದ ಹಿಂದೆ ಕಾಣೆಯಾದ ಹೆಂಡತಿಯನ್ನು ಹುಡುಕಲು ಹೊರಡುತ್ತಾನೆ. ಜತೆಗೆ ಗೆಳೆಯ ಡೇವ್. ಅಮೆರಿಕದಲ್ಲಿ ಮಗನ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡು ಜೈಲು ಸೇರಿದ ಲೈಬ್ರರಿಯನ್ ಒಬ್ಬಳಿಗೆ ಮನೆ ಸೇರುವ ತವಕ. ವ್ಯಾಟಿಕನ್ನಿನ ಒಬ್ಬ ಒರಟು ಮಾತಿನ ಪಾದ್ರಿಗೆ ಬೇರೆಯೇ ಕೆಲಸ: ಲೋಕ ಉಳಿಸಲು ಬಂದ ದೇವಮಾನವ ತಾನೇ ಎನ್ನುವವರ ಪರೀಕ್ಷೆ. ತಲೆಯ ಮೇಲೆ ಬಂಡೆ ಬೀಳುತ್ತಿದ್ದರೂ ಮನುಷ್ಯ ತನ್ನ ಹಳೆಯ ಲೆಕ್ಕಗಳನ್ನೇ ಚುಕ್ತಾ ಮಾಡಲು ಓಡಾಡುತ್ತಾನೆ. ನಗು ಹುಟ್ಟುವುದು ಅಲ್ಲಿ. ಕಾಕತಾಳೀಯಗಳು ಮಾತ್ರ ಅತಿಯಾದವು. ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ರೀತಿಯಲ್ಲಿ ಸಂಬಂಧಿಕರು!

ಆದರೆ ಆ 34 ದಿನ ಎಂಬ ಅವಧಿಯನ್ನು ಕಥೆಗಾರನ ಉತ್ಪ್ರೇಕ್ಷೆ ಎಂದು ತಳ್ಳಿಹಾಕುವಂತಿಲ್ಲ. 1983ರ ಏಪ್ರಿಲ್ 25ರಂದು ಐರಾಸ್ ಎಂಬ ಉಪಗ್ರಹದ ಕಣ್ಣಿಗೆ ಧೂಮಕೇತುವೊಂದು ಬಿತ್ತು. ಸ್ವಲ್ಪ ದಿನದಲ್ಲೇ ಜಪಾನಿನ ಅರಾಕಿ, ಇಂಗ್ಲೆಂಡಿನ ಆಲ್ಕಾಕ್ ಇಬ್ಬರೂ ಬೇರೆ ಬೇರೆಯಾಗಿ ಅದನ್ನೇ ಕಂಡರು. ಇಬ್ಬರೂ ಶಾಲಾ ಮೇಷ್ಟ್ರುಗಳು. ಆಲ್ಕಾಕ್ ಅಂತೂ ಮನೆಯಿಂದ ಹೊರಗೂ ಬಂದಿರಲಿಲ್ಲ. ಕಿಟಕಿಯ ಗಾಜಿನ ಮೂಲಕವೇ ಬೈನಾಕ್ಯುಲರ್ ಹಿಡಿದು ನೋಡಿದ್ದರು. ಮೇ 11ರಂದು ಅದು ಭೂಮಿಗೆ ಸುಮಾರು 47 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋಯಿತು. ಚಂದ್ರನ ದೂರದ ಹನ್ನೆರಡು ಪಟ್ಟು, ಅಷ್ಟೆ. ಮೊದಲು ಕಂಡ ದಿನದಿಂದ ಲೆಕ್ಕ ಹಾಕಿದರೆ ಬರೀ 16 ದಿನ! ಅದರ ನಡುಗಡ್ಡೆ, ಅಂದರೆ ಹಿಮ-ಧೂಳಿನ ಗಟ್ಟಿ ಭಾಗ, ಸುಮಾರು 9 ಕಿ.ಮೀ. ಅಗಲದ್ದು. ಆರೂವರೆ ಕೋಟಿ ವರ್ಷಗಳ ಹಿಂದೆ ಮೆಕ್ಸಿಕೋದ ಬಳಿ ಬಿದ್ದು ಡೈನೋಸಾರ್‌ಗಳ ಕಾಲ ಮುಗಿಸಿದ್ದೂ ಹೆಚ್ಚುಕಡಿಮೆ ಇದೇ ಅಳತೆಯದು.

ಹಾಗಾದರೆ ತಪ್ಪಿಸಿಕೊಳ್ಳಲು ಎಷ್ಟು ಬೇಕು? ಉತ್ತರ ಕೇಳಿದರೆ ಆಶ್ಚರ್ಯವಾಗಬಹುದು: ಏಳು ನಿಮಿಷ. ಭೂಮಿಯ ವ್ಯಾಸ ಸುಮಾರು 12,700 ಕಿ.ಮೀ. ಸೂರ್ಯನ ಸುತ್ತ ಅದು ಓಡುವ ವೇಗ ಸೆಕೆಂಡಿಗೆ 30 ಕಿ.ಮೀ. ತನ್ನ ಮೈಯಷ್ಟು ಉದ್ದ ಮುಂದೆ ಸರಿಯಲು ಭೂಮಿಗೆ ಏಳು ನಿಮಿಷ ಸಾಕು. ಅಡ್ಡದಾರಿಯಲ್ಲಿ ಬರುವ ಧೂಮಕೇತುವನ್ನು ಅಷ್ಟು ಹೊತ್ತು ತಡಮಾಡಿಸಿದರೆ, ಅದು ಬರುವಷ್ಟರಲ್ಲಿ ಭೂಮಿ ಆ ಜಾಗದಲ್ಲಿ ಇರುವುದೇ ಇಲ್ಲ. ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಬಂದಂತೆ!

ಕಷ್ಟವಿರುವುದು ತಡಮಾಡಿಸುವುದರಲ್ಲಿ. ಧೂಮಕೇತು ಸೆಕೆಂಡಿಗೆ 40 ಕಿ.ಮೀ. ವೇಗದಲ್ಲಿ ಬರುತ್ತಿದೆ ಎಂದಿಟ್ಟುಕೊಳ್ಳಿ. 34 ದಿನದಲ್ಲಿ ಏಳು ನಿಮಿಷ ಹಿಂದೆ ಬೀಳಬೇಕಾದರೆ ಅದರ ವೇಗವನ್ನು ಸೆಕೆಂಡಿಗೆ ಐದಾರು ಮೀಟರಿನಷ್ಟು ತಗ್ಗಿಸಬೇಕು, ಅದೂ ಸುದ್ದಿ ಬಂದ ದಿನವೇ. ಮನುಷ್ಯ ಇಂಥ ಕೆಲಸವನ್ನು ಪರೀಕ್ಷೆಗೆಂದು ಮಾಡಿ ನೋಡಿದ್ದು 2022ರ ಸೆಪ್ಟೆಂಬರ್ 26ರಂದು. ಅಮೆರಿಕದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಆಕಾಶಬಂಡೆಗೆ ಡಿಕ್ಕಿ ಹೊಡೆಯಿತು. ವೇಗದಲ್ಲಿ ಆದ ವ್ಯತ್ಯಾಸ ಸೆಕೆಂಡಿಗೆ ಸುಮಾರು 2.7 ಮಿಲಿಮೀಟರ್. ಆ ಬಂಡೆಯ ಅಗಲ 160 ಮೀಟರ್ ಮಾತ್ರ. ಧಾರಾವಾಹಿಯ ಧೂಮಕೇತು ಅಗಲದಲ್ಲಿ ಅದರ 80 ಪಟ್ಟು, ಹಾಗಾಗಿ ಗಾತ್ರದಲ್ಲಿ ಐದು ಲಕ್ಷ ಪಟ್ಟು. ಹಿಮ ಹಗುರ ಎಂದು ಸ್ವಲ್ಪ ವಿನಾಯಿತಿ ಕೊಟ್ಟರೂ ಲೆಕ್ಕ ಕೂಡಿಬರುವುದಿಲ್ಲ. ಹತ್ತು ವರ್ಷ ಮೊದಲೇ ಗೊತ್ತಾದರೆ ಸೆಕೆಂಡಿಗೆ ಐದಾರು ಸೆಂಟಿಮೀಟರ್ ಸಾಕು. ಆದರೆ ಸೌರಮಂಡಲದ ಅಂಚಿನಿಂದ ಬರುವ ಧೂಮಕೇತುಗಳು ಅಷ್ಟು ಮೊದಲೇ ಹೇಳಿ ಕಳಿಸುವುದು ಅಪರೂಪ.

ಮಂಗಳಕ್ಕೆ ಒಮ್ಮೆ ಇಂಥದೇ ಗಂಡಾಂತರ ಹತ್ತಿರ ಬಂದಿತ್ತು. 2013ರ ಜನವರಿಯಲ್ಲಿ ಕಂಡ ಸೈಡಿಂಗ್ ಸ್ಪ್ರಿಂಗ್ ಧೂಮಕೇತು 2014ರ ಅಕ್ಟೋಬರ್ 19ರಂದು ಮಂಗಳದಿಂದ ಸುಮಾರು 1.4 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋಯಿತು. ಚಂದ್ರ ಭೂಮಿಯಿಂದ ಇರುವ ದೂರದ ಅರ್ಧವೂ ಅಲ್ಲ. ಇಸ್ರೋದ ಮಂಗಳಯಾನ ಅಲ್ಲಿಗೆ ತಲುಪಿ ಆಗಿನ್ನೂ ಒಂದು ತಿಂಗಳೂ ತುಂಬಿರಲಿಲ್ಲ. ಧೂಮಕೇತುವಿನ ಧೂಳು ಬಡಿಯದಿರಲೆಂದು, ಆ ಹೊತ್ತಿಗೆ ನೌಕೆ ಮಂಗಳದ ಮರೆಯಲ್ಲಿರುವಂತೆ ಬೆಂಗಳೂರಿನ ವಿಜ್ಞಾನಿಗಳು ಮೊದಲೇ ಏರ್ಪಾಡು ಮಾಡಿದ್ದರು. ಕೈಯಲ್ಲಿದ್ದದ್ದು ಇಪ್ಪತ್ತೊಂದು ತಿಂಗಳು. ಒಂದು ನೌಕೆಯನ್ನು ಬಚ್ಚಿಡಲು ಅದು ಧಾರಾಳವಾಗಿ ಸಾಕಾಯಿತು.